ಇಸ್ತ್ರಿ ಗಾಡಿಯ ಕಣ್ಣು

ಇಸ್ತ್ರಿ ಗಾಡಿಯ ಹನುಮಯ್ಯ ಮತ್ತೆ ಮೇಲಕ್ಕೆ ನೋಡಿದ. ಸುರಭಿ ಪರದೆಯ ಹಿಂದಕ್ಕೆ ಸರಿದಳು. ಬೆಳಗಿನಿಂದ ಇದು ನಾಲ್ಕನೆಯ ಸಲ.

ಜೆ.ಪಿ. ನಗರದ ಆ ಅಡ್ಡರಸ್ತೆಯ ಹೊಂಗೆ ಮರದ ಕೆಳಗೆ ಎಂಟು ವರ್ಷದಿಂದ ಅವನ ಗಾಡಿ ನಿಂತಿದೆ. ಅವಳ ಸೀರೆಗಳನ್ನು ಇಸ್ತ್ರಿ ಮಾಡಿ, ಮಡಿಕೆಯ ನಡುವೆ ರದ್ದಿ ಕಾಗದವಿಟ್ಟು ಕೊಡುವ ಮನುಷ್ಯ. ಒಮ್ಮೆಯೂ ತಲೆಯೆತ್ತಿ ನೋಡಿದವನಲ್ಲ. ಈಗ ಹದಿನೈದು ದಿನದಿಂದ ಗಾಡಿಯನ್ನೇ ತಿರುಗಿಸಿ, ಅವಳ ಮಹಡಿಯ ಕಿಟಕಿಗೆ ಎದುರಾಗಿ ನಿಲ್ಲಿಸಿಕೊಂಡಿದ್ದಾನೆ.

ಸುರಭಿ ಕಾದಂಬರಿ ಬರೆಯುವವಳು. ಒಂಟಿ ವಾಸ. ಕೈಯಲ್ಲಿದ್ದದ್ದು, ಯಾರೋ ತನ್ನನ್ನು ಸದಾ ನೋಡುತ್ತಿದ್ದಾರೆಂದು ಹೆದರಿ ದಿನಚರಿ ಬರೆಯುವ ಹೆಣ್ಣೊಬ್ಬಳ ಕಥೆ. ಮೂರು ವಾರದ ಹಿಂದೆ ಪ್ರಕಾಶಕ ಜಯಸಿಂಹ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದ: "ಭಯ ಸಾಲಲ್ಲ ಮೇಡಂ. ಈ ಹೆಂಗಸಿನ ಮಾತನ್ನ ಯಾರೂ ನಂಬಲ್ಲ. ತಿಂಗಳೊಳಗೆ ಸರಿ ಮಾಡಿ, ಇಲ್ಲಾ ಬಿಟ್ಬಿಡಿ."

ಅಂದಿನಿಂದ ಅವಳಿಗೆ ಹಟ ಹಿಡಿದಿತ್ತು. ಕಂಪ್ಯೂಟರ್ ಮುಂದೆ ಅವಳಿಗೆ ಒಂದು ಸಾಲೂ ಹೊರಡದು, ಕೈಯಲ್ಲೇ ಬರೆಯಬೇಕು. ಬರೆದಳು, ಮುದುರಿ ಬುಟ್ಟಿಗೆ ಎಸೆದಳು, ಮತ್ತೆ ಬರೆದಳು. 'ಅವನ ಕಣ್ಣು ನನ್ನ ಬಾಗಿಲ ಮೇಲಿದೆ. ಯಾರಿಗೂ ಹೇಳುವಂತಿಲ್ಲ. ಕೇಳಿದವರ ಮುಂದೆ ನಗುತ್ತೇನೆ. ನಕ್ಕರೆ ಮಾತ್ರ ನನಗೆ ಉಳಿಗಾಲ.' ಇದೂ ಪೊಳ್ಳು ಅನ್ನಿಸಿತ್ತು. ಇದೂ ಬುಟ್ಟಿಗೆ ಹೋಗಿತ್ತು.

ಈಗ ನೋಡಿದರೆ ಬರೆದದ್ದೇ ಬಾಗಿಲಿಗೆ ಬಂದು ನಿಂತಿದೆ. ಹನುಮಯ್ಯನೊಬ್ಬನೇ ಆಗಿದ್ದರೆ ತನ್ನ ಭ್ರಮೆ ಎಂದುಕೊಳ್ಳಬಹುದಿತ್ತು. ಅವಳು ಮೆಟ್ರೋ ಕಡೆ ನಡೆದರೆ ಸ್ಟ್ಯಾಂಡಿನ ವೇಣು ಆಟೋ ತೆಗೆದುಕೊಂಡು ನಿಧಾನಕ್ಕೆ ಹಿಂದೆಯೇ ಬರುತ್ತಾನೆ. 'ಬರ್ತೀರಾ ಮೇಡಂ' ಎಂದು ಕೇಳುವುದೂ ಇಲ್ಲ.

ಬುಧವಾರ ಒಣಕಸಕ್ಕೆ ಬಂದ ಪೌರಕಾರ್ಮಿಕ ಮಾರಮ್ಮ ಬಾಗಿಲು ಬಿಟ್ಟು ಕದಲಲಿಲ್ಲ. ಸುರಭಿಯ ಭುಜದಾಚೆ ಮನೆಯೊಳಗೆಲ್ಲ ಕಣ್ಣು ಹಾಯಿಸಿದಳು.

"ಅಕ್ಕ, ಒಬ್ರೇ ಇದೀರಾ? ಒಳಗಡೆ ಯಾರೂ ಇಲ್ವಾ?"

ಸುರಭಿ ಬಾಗಿಲನ್ನು ಅರ್ಧಕ್ಕೆ ಎಳೆದುಕೊಂಡಳು. "ಯಾಕಮ್ಮ?"

"ಸುಮ್ನೆ ಕೇಳ್ದೆ. ಚೆನ್ನಾಗಿದೀರಲ್ವಾ?"

ಸುರಭಿ ಬಲವಂತವಾಗಿ ನಕ್ಕಳು. ನಗು ಕಂಡದ್ದೇ ಮಾರಮ್ಮನ ಮುಖ ಬಿಳಿಚಿಕೊಂಡಿತು. ಕಸದ ಚೀಲವನ್ನು ಅವುಚಿಕೊಂಡು ಸರಸರನೆ ಮೆಟ್ಟಿಲಿಳಿದಳು. ಕೆಳಗೆ ಹನುಮಯ್ಯನ ಕಿವಿಯಲ್ಲಿ ಏನೋ ಹೇಳಿದಳು. ಇಬ್ಬರೂ ಒಟ್ಟಿಗೆ ಮೇಲೆ ನೋಡಿದರು.

ಅಲ್ಲಿಗೆ ಅನುಮಾನ ಮುಗಿಯಿತು. ಒಬ್ಬಳೇ ಇರುವುದನ್ನು ಖಾತ್ರಿ ಮಾಡಿಕೊಂಡು ಹೋದರು. ಚಿಲಕ ಹಾಕಿಕೊಂಡ ಸುರಭಿಗೆ ಹಿಂದೆಯೇ ಸಿಟ್ಟೂ ಬಂತು. ತನ್ನ ಮನೆಯಲ್ಲಿ ತಾನೇ ಕಳ್ಳಿಯಂತೆ ಅವಿತು ಕೂರುವುದೇ? ಒಂದೇ ಉಸಿರಿಗೆ ದೂರು ಬರೆದಳು. ಮೂವರ ಹೆಸರನ್ನೂ ಹಾಕಿದಳು. ಆ ಗಾಡಿಯನ್ನು ಇವತ್ತೇ ಎತ್ತಿಸಬೇಕು ಎಂದು ಕೊನೆಯ ಸಾಲಿಗೆ ಅಡಿಗೆರೆ ಎಳೆದಳು. ಎಂಟು ವರ್ಷದ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಎಂದು ಒಂದು ಕ್ಷಣ ಚುಚ್ಚಿತು. ತನ್ನ ಜೀವಕ್ಕಿಂತ ಗಾಡಿ ಹೆಚ್ಚೇ ಎಂದು ಚಪ್ಪಲಿ ಮೆಟ್ಟಿದಳು.

ಠಾಣೆಯ ಗೇಟಿನವರೆಗೂ ವೇಣುವಿನ ಆಟೋ ಹಿಂದೆಯೇ ಬಂತು.

ಸಬ್ ಇನ್‌ಸ್ಪೆಕ್ಟರ್ ಶಾಂತಲಾ ದೂರಿನ ಎರಡು ಸಾಲು ಓದಿ ನಿಲ್ಲಿಸಿದರು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರಗಳನ್ನೇ ನೋಡಿದರು. ಅವರ ಮುಖ ಮೆತ್ತಗಾಯಿತು.

"ಸದ್ಯ, ನೀವಾಗೇ ಬಂದ್ರಲ್ಲ ಮೇಡಂ! ಕೂತ್ಕೊಳ್ಳಿ, ಇಲ್ಲಿ ಹೆದರ್ಬೇಡಿ."

"ಅವರನ್ನ ಹಿಡೀತೀರಾ?"

"ಯಾರನ್ನ, ಹನುಮಯ್ಯನ್ನಾ? ನಿಮಗೆ ಗೊತ್ತಾಗ್ದಂಗೆ ಕಾವಲಿರಿ ಅಂತ ಆ ಮೂವರಿಗೂ ಹೇಳಿದ್ದೇ ನಾನು. ಬಟ್ಟೆ ಮಡಿಕೆಗೆ ಇಟ್ಕೊಳ್ಳಕ್ಕೆ ಅಂತ ನಿಮ್ಮನೆ ಕಸದಿಂದ ಮಾರಮ್ಮ ಕೊಟ್ಟ ರದ್ದೀಲಿ ನೀವು ಬರೆದಿದ್ದು ಸಿಕ್ತಂತೆ. ಪಾಪ, ಓದಿ ಅತ್ಕೊಂಡು ಬಂದ್ರು ಇಬ್ರೂ." ಶಾಂತಲಾ ಡ್ರಾಯರ್ ಎಳೆದು ಒಂದು ಕಟ್ಟು ಹೊರತೆಗೆದರು. "ಈಗ ಹೇಳಿ ಮೇಡಂ, ಯಾರವನು?"

ಮುದುರಿನ ಗೆರೆಯೂ ಉಳಿಯದಂತೆ ಇಸ್ತ್ರಿ ಹಾಕಿದ ಆ ಕಟ್ಟಿನ ಮೇಲಿನ ಹಾಳೆಯಲ್ಲಿ ಅವಳದೇ ಕೈಬರಹವಿತ್ತು: 'ಕೇಳಿದವರ ಮುಂದೆ ನಗುತ್ತೇನೆ. ನಕ್ಕರೆ ಮಾತ್ರ ನನಗೆ ಉಳಿಗಾಲ.'