ಅಕ್ಕನ ಪಾಲಿನ ಕಾಳು

ಕರುಳಿನ ಆಪರೇಷನ್ ಆದಮೇಲೆ ಇಂದುಮತಿಯ ಊಟವನ್ನು ತಂಗಿ ವಿಶಾಲು ಉಣ್ಣುತ್ತಿದ್ದಳು. ಎಲ್ಲರ ಮನೆಯ ರೂಢಿಯೇ ಅದು. ಇಬ್ಬರೂ ಕೈಗೆ ಜೋಡಿಪಟ್ಟಿ ಕಟ್ಟಿಕೊಂಡು ಒಬ್ಬರು ಉಂಡರೆ ಸತ್ವವೆಲ್ಲ ಇನ್ನೊಬ್ಬರ ಮೈ ಸೇರುತ್ತದೆ.

“ಇವತ್ತೂ ಕಾಳಿನ ಹುಳಿ ಸುರಿದುಕೊಂಡು ಉಂಡೆ ಕಣೇ ಅಕ್ಕ,” ಎಂದಳು ವಿಶಾಲು, ಮಂಚದ ಬಳಿ ಕೂತು.

ಮಾಯದ ಗಾಯ ಒರೆಸುತ್ತಿದ್ದ ನರ್ಸ್ ಫಿಲೋಮಿನಾ ಇಂದುಮತಿಯ ಪಟ್ಟಿಯ ಬಣ್ಣ ನೋಡಿದಳು. “ಬರೀ ಅನ್ನದ ಶಕ್ತಿ ಬಂದಿದೆಯಮ್ಮ. ಗಾಯ ಕೂಡೋಕೆ ಪ್ರೊಟೀನ್ ಬೇಕು. ಅದು ಒಂದು ದಿನವೂ ಬಂದಿಲ್ಲ.”

ವಿಶಾಲು ಸೆರಗು ಸರಿಮಾಡಿಕೊಂಡಳು. “ಕಾಳು ತಿನ್ನುವಾಗ ಪಟ್ಟಿ ಬಿಚ್ಚಿಡ್ತಿದ್ದೆ. ನನ್ನ ಮೈಗೂ ಬೇಡವಾ?”

“ಕೇಳಿದ್ದರೆ ಅರ್ಧ ಬಿಟ್ಟುಕೊಡ್ತಿದ್ದೆನಲ್ಲೇ,” ಎಂದಳು ಇಂದುಮತಿ. “ಪಟ್ಟಿ ಇಟ್ಟು ಹೋಗು.”

ತಂಗಿ ಹೋದಮೇಲೆ ಫಿಲೋಮಿನಾ ಆ ಪಟ್ಟಿಯನ್ನು ತನ್ನ ಕೈಗೆ ಕಟ್ಟಿಕೊಂಡು, ಊಟದ ಡಬ್ಬಿ ತೆರೆದು, ತನ್ನ ಪಾಲಿನ ಮೊಟ್ಟೆ ಸುಲಿಯತೊಡಗಿದಳು.