ಮೆತ್ತನೆಯ ಸ್ಪ್ರಿಂಗು

ಹೋದ ವಾರವಷ್ಟೇ ನಂಜರಾಜಯ್ಯ ಮುನೀರನ ಗ್ಯಾರೇಜಿನಲ್ಲಿ ಅರ್ಧ ದಿನ ಕೂತು, ಇದ್ದುದರಲ್ಲೇ ಮೆತ್ತನೆಯ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಆರಿಸಿ ಕಾರಿಗೆ ಹಾಕಿಸಿಕೊಂಡು ಹೋಗಿದ್ದರು. ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಹೆಂಡತಿಗೆ ರಸ್ತೆಯ ಒಂದು ಹಳ್ಳವೂ ತಾಗಬಾರದು ಎಂಬುದು ಅವರ ಹಟ. ಇವತ್ತು ಮುನೀರ ಶಟರ್ ಎತ್ತುವ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು.

"ಇವನ್ನೆಲ್ಲ ಕಿತ್ತಾಕಿ ನನ್ನ ಹಳೇವನ್ನೇ ಹಾಕ್ಕೊಡಪ್ಪ."

"ಅವು ಆವತ್ತೇ ಗುಜರಿಗೆ ಹೋದ್ವಲ್ಲ ಸಾರ್. ಯಾಕೆ, ಹೊಸದು ಕುಲುಕ್ತಾ ಇದೆಯಾ?"

"ಕುಲುಕ್ತಾನೇ ಇಲ್ಲ! ನಿನ್ನ ಹತ್ರ ಇರೋದ್ರಲ್ಲಿ ಗಟ್ಟಿ ಯಾವುದು? ಅದನ್ನ ಹಾಕು. ಸೊಂಟ ಮುರಿಯೋ ಹಾಗೆ ಎತ್ತಾಕಬೇಕು."

ಮುನೀರ ಕಾರಿನೊಳಗೆ ನೋಡಿದ. ಹಿಂದಿನ ಸೀಟಿನಲ್ಲಿ ಆಕೆ ಎತ್ತಲೋ ನೋಡುತ್ತ ಕೂತಿದ್ದರು. ಅವನಿಗೆ ಸಿಟ್ಟು ಬಂತು.

"ನಿಮಗೇನು ಹುಚ್ಚಾ ಸಾರ್? ನೋವಾದ್ರೂ ಅಮ್ಮಾವ್ರು ಬಾಯಿಬಿಟ್ಟು ಹೇಳೋ ಹಾಗಿಲ್ಲ."

ನಂಜರಾಜಯ್ಯ ಅವನ ಎರಡೂ ಕೈ ಹಿಡಿದುಕೊಂಡರು.

"ಕಾರು ಹಳ್ಳಕ್ಕೆ ಬಿದ್ದಾಗ ಮಾತ್ರ 'ಮೆಲ್ಲಗೆ ರೀ' ಅಂತಿದ್ಲಪ್ಪ. ಎಂಟು ದಿನದಿಂದ ಅದೂ ಇಲ್ಲ."