ಸೊನ್ನೆ ಬಂದ ಬೀದಿ

ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟಿದ್ದ ಸಮೀಕ್ಷೆಯವಳನ್ನು ಮೂಲೆಮನೆಯ ಸೊಸೆ ಚೀಲ ಹಿಡಿದು ಕೆಳಗೆಳೆದಳು. ಬಸ್ಸು ಹೊರಟೇಹೋಯಿತು.

'ನಮ್ಮನೆ ಕಾಗದ ತೆಗೀರಿ ಮೇಡಂ,' ಎಂದಳು ಏದುಸಿರಿನಲ್ಲಿ. 'ಅದ್ರಲ್ಲಿ ತಪ್ಪು ಬರ್ದಿದ್ದೀರಿ.'

ಆ ಮನೆಯಲ್ಲಿ ಮಧ್ಯಾಹ್ನ ಸಿಕ್ಕಿದ್ದು ಮಾವ ಒಬ್ಬರೇ. ಊರೂರಿನಲ್ಲಿ ದುಡಿಯುವವರ ಪೈಕಿ ಎಷ್ಟು ಮಂದಿ ಕಾರ್ಮಿಕ ಸಂಘದಲ್ಲಿದ್ದಾರೆಂದು ಅಳೆಯುತ್ತಿದ್ದೇವೆ ಎಂದದ್ದೇ ತಡ, ಅವರು ಬಂದರಿನಲ್ಲಿ ಮೂಟೆ ಹೊತ್ತದ್ದು, ಸಂಘ ಕಟ್ಟಿದ್ದು, ಎಪ್ಪತ್ತು ದಿನ ಮುಷ್ಕರ ಕೂತದ್ದು ಎಲ್ಲ ಬಿಚ್ಚಿದ್ದರು. ನಿವೃತ್ತರು ಈ ಲೆಕ್ಕಕ್ಕಿಲ್ಲ ಎಂದಾಗ ಮುಖ ಸಪ್ಪಗಾಗಿತ್ತು. ಲೆಕ್ಕಕ್ಕೆ ಇದ್ದವಳು ಕೈಗವಸು ಕಾರ್ಖಾನೆಗೆ ಹೋಗಿದ್ದ ಸೊಸೆ. 'ಅವಳಾ? ಬಾಯಲ್ಲಿ ಬೆರಳಿಟ್ರೆ ಕಚ್ಚೋಕೂ ಬರಲ್ಲ ಅದಕ್ಕೆ,' ಎಂದು ಪ್ರೀತಿಯಿಂದಲೇ ನಕ್ಕಿದ್ದರು. ಮನೆಯಲ್ಲಿ ಇದ್ದವರು ಇಲ್ಲದವರ ಪರವಾಗಿ ಉತ್ತರಿಸಬಹುದೆಂಬ ನಿಯಮವಿತ್ತು. 'ಇಲ್ಲ' ಎಂಬಲ್ಲಿ ಗುರುತು ಬಿದ್ದಿತ್ತು.

ಸೊಸೆ ಪರ್ಸಿನಿಂದ ಅಂಚು ಮೆತ್ತಗಾದ ಸದಸ್ಯತ್ವದ ಕಾರ್ಡು ತೆಗೆದಳು. ಸೇರಿ ನಾಲ್ಕು ತಿಂಗಳಾಗಿತ್ತು. ಮನೆಯಲ್ಲಿ ಯಾಕೆ ಹೇಳಿಲ್ಲ ಎಂದು ಸಮೀಕ್ಷೆಯವಳು ಕೇಳಿದಳು.

'ಹೇಳಿದ್ರೆ ಮಾರನೇ ದಿನಾನೇ ಮಾವ ನಮ್ಮ ಮೀಟಿಂಗಿಗೆ ಬಂದು ಭಾಷಣ ಶುರು ಮಾಡ್ತಾರೆ. ಒಳ್ಳೆಯವರೇ ಮೇಡಂ. ಆದ್ರೆ ಅವರಿದ್ದ ಕಡೆ ಬೇರೆಯವರಿಗೆ ಆಡೋಕೆ ಮಾತೇ ಉಳಿಯಲ್ಲ.'

ಸಮೀಕ್ಷೆಯವಳಿಗೆ ನಗು ಬಂತು. ಕಲ್ಲುಬೆಂಚಿನ ಮೇಲೆ ಕೂತು, ಊದಿದ ಪಾದಗಳನ್ನು ಚಪ್ಪಲಿಯಿಂದ ಬಿಡಿಸಿಕೊಂಡು ಹಾಳೆ ಹುಡುಕತೊಡಗಿದಳು. ಹೊಳೆಯಾಚೆ ನೂರಕ್ಕೆ ಮೂವತ್ತು ಸದಸ್ಯರು ಸಿಕ್ಕಿದ್ದರೆಂದೂ, ಈ ಬೀದಿಯ ನಲವತ್ತು ಮನೆಗಳಲ್ಲಿ ಸೊನ್ನೆಯೆಂದೂ, ಈ ಕಡೆಯ ಹೆಂಗಸರಿಗೆ ಸಂಘದ ಗೊಡವೆಯೇ ಇಲ್ಲವೆಂದು ತನ್ನ ಕಚೇರಿಯ ಸಾಹೇಬರು ವರದಿಗೆ ಸಾಲು ಹೊಸೆದಿಟ್ಟಿದ್ದಾರೆಂದೂ ಮಾತಿನ ನಡುವೆ ಹೇಳಿದಳು.

'ಸೊನ್ನೆನಾ?' ಸೊಸೆ ಒಂದೊಂದೇ ಬೆರಳು ಮಡಿಸಿದಳು. 'ನೀಲಿ ಗೇಟಿನವಳು. ಮಹಡಿ ಮನೆ ಅಕ್ಕ. ಅವಳಿ ಮಕ್ಕಳ ತಾಯಿ, ನನ್ನನ್ನ ಸೇರಿಸಿದ್ದೇ ಅವಳು. ಅವರ ಮನೇಲಿ ಉತ್ತರ ಕೊಟ್ಟೋರು ಯಾರು?'

ಸಮೀಕ್ಷೆಯವಳು ಹಾಳೆ ತಿರುವಿದಳು. ಅತ್ತೆ. ಗಂಡ. ಗಂಡನ ಅಣ್ಣ. ಎಲ್ಲವೂ ಹಗಲಿನಲ್ಲಿ, ಕಾರ್ಖಾನೆ ನಡೆಯುವ ಹೊತ್ತಿನಲ್ಲಿ ತುಂಬಿಸಿದವು. ಅವಳು ಪೆನ್ನಿನ ಮುಚ್ಚಳ ತೆಗೆದು ದನಿ ತಗ್ಗಿಸಿದಳು.

'ನೋಡಿ, ಇಲ್ಲೇ ತಿದ್ದಿಬಿಡ್ತೀನಿ. ನಿಮ್ದೂ, ಆ ಮೂವರದ್ದೂ. ನಾಲ್ಕು ಗೀಟು ಎಳೆದ್ರೆ ಮುಗೀತು. ಮನೇಲಿ ಯಾರಿಗೂ ಗೊತ್ತಾಗಲ್ಲ.'

ಸೊಸೆ ಹಾಳೆಯ ಮೇಲೆ ಅಂಗೈ ಊರಿದಳು.

'ಬೇಡ,' ಎಂದಳು. 'ಮನೆಗೆ ಬನ್ನಿ. ಮಾವನ ಎದುರಿಗೆ ನನ್ನನ್ನೇ ಕೇಳಿ.'